ಹಿತ್ತಿಲ ಮೀನುಹೊಂಡದಲ್ಲಿ ಪಾಚಿ ನಿಯಂತ್ರಣ



ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿದ್ದು, ಅವುಗಳಲ್ಲಿ 5ನೆಯದು ಮೀನುಗಾರಿಕೆ. ಈ ವಿಷಯವು ಕೆರೆಗಳ ಹರಾಜಿಗಷ್ಟೇ ಸೀಮಿತವಲ್ಲ. ಹಿತ್ತಿಲಿನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುವ ಕುಟುಂಬದ ಸಣ್ಣ ಹೊಂಡವೂ ಇದರ ವ್ಯಾಪ್ತಿಗೆ ಸೇರುತ್ತದೆ. ಅಂತಹ ಕುಟುಂಬದ ಇಡೀ ವರ್ಷದ ಶ್ರಮವು ಪಾಚಿಯ ದೆಸೆಯಿಂದ ಒಂದೇ ಮುಂಜಾನೆ ನಷ್ಟವಾಗಬಹುದು.

ಪಾಚಿಯೆಲ್ಲವೂ ಹಾನಿಕರವಲ್ಲ. ನೀರಿಗೆ ತಿಳಿಹಸಿರು ಬಣ್ಣ ನೀಡುವ ಸೂಕ್ಷ್ಮ ಪಾಚಿಯೇ ಮೀನಿನ ಸಹಜ ಆಹಾರಕ್ಕೆ ಮೂಲ. ಹಗಲಿನಲ್ಲಿ ಅದು ನೀರಿಗೆ ಆಮ್ಲಜನಕ ಸೇರಿಸುತ್ತದೆ. ರಾತ್ರಿ ತಾನೂ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಆದ್ದರಿಂದ ಪಾಚಿ ದಟ್ಟವಾದಷ್ಟೂ ಸೂರ್ಯೋದಯಕ್ಕೆ ಮುನ್ನ ಆಮ್ಲಜನಕದ ಕೊರತೆ ಹೆಚ್ಚು. ಮೋಡ ಕವಿದ ದಿನಗಳಲ್ಲಿ ಇನ್ನೂ ಹೆಚ್ಚು. ಮುಂಜಾನೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಅಪಾಯದ ಸೂಚನೆ. ಕೂಡಲೇ ಆಹಾರ ನೀಡುವುದನ್ನು ನಿಲ್ಲಿಸಿ, ಪಂಪಿನಿಂದ ಹೊಸ ನೀರನ್ನು ಎತ್ತರದಿಂದ ಚಿಮ್ಮಿಸಿ ಬೀಳಿಸಬೇಕು.

ಪರೀಕ್ಷಿಸುವ ಕ್ರಮ ಸರಳ. ನೀರು ಕೆಸರಿನಿಂದ ಕದಡದಿರುವಾಗ, ಬಿಸಿಲಿನಲ್ಲಿ ತೋಳನ್ನು ನೇರವಾಗಿ ಇಳಿಸಬೇಕು. ಸುಮಾರು 20 ಸೆಂ.ಮೀ. ಆಳದೊಳಗೇ ಅಂಗೈ ಮರೆಯಾದರೆ ಪಾಚಿ ಮಿತಿಮೀರಿದೆಯೆಂದು ತಿಳಿಯಬೇಕು.

ಅಡಿಕೆ ಬೆಳೆಯುವ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಇದ್ದೇ ಇರುತ್ತದೆ. ಅದನ್ನು ಹೊಂಡಕ್ಕೆ ಎರಚಿದರೆ ಪಾಚಿ ಸಾಯುವುದು ನಿಜ. ಆದರೆ ಲವಣಾಂಶ ಕಡಿಮೆಯಿರುವ ಮೆದು ನೀರಿನಲ್ಲಿ ತಾಮ್ರವು ಮೀನಿಗೂ ವಿಷವಾಗುತ್ತದೆ. ಅಲ್ಲದೆ ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವೂ ಮುಗಿಯುತ್ತದೆ. ಕೊಳೆತ ಪಾಚಿಯ ಸಾರ ನೀರಿನಲ್ಲೇ ಉಳಿದು ಮತ್ತೆ ಹೊಸ ಪಾಚಿಗೆ ಗೊಬ್ಬರವಾಗುತ್ತದೆ.

ಮೂಲ ಕಾರಣವಿರುವುದು ಹೊಂಡದ ಹೊರಗೆ. ಕೊಟ್ಟಿಗೆಯ ಗಂಜಲ, ಬಚ್ಚಲಿನ ನೀರು, ತಿಪ್ಪೆಯಿಂದ ಹರಿಯುವ ಮಳೆನೀರು ಸಾರಜನಕ ಮತ್ತು ರಂಜಕವನ್ನು ಹೊತ್ತು ತರುತ್ತವೆ. ಮೀನು ತಿನ್ನದೆ ಬಿಟ್ಟ ತವುಡು, ಹಿಂಡಿಯೂ ಅದನ್ನೇ ಮಾಡುತ್ತವೆ. ಆದಕಾರಣ ಕೆಳಕಂಡ ಕ್ರಮಗಳು ಅಗತ್ಯ:

1. ಹೊಂಡದ ಸುತ್ತ ಬದು ಹಾಗೂ ಮೇಲ್ಭಾಗದಲ್ಲಿ ತಿರುವುಗಾಲುವೆ ನಿರ್ಮಿಸುವುದು. ಬಚ್ಚಲ ನೀರನ್ನು ಬಚ್ಚಲುಗುಂಡಿಗೆ ತಿರುಗಿಸುವುದು.

2. ನೀರು ಕಡುಹಸಿರಾದಾಗ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ, ಮೀನು ತಿಂದು ಮುಗಿಸುವಷ್ಟೇ ಆಹಾರ ನೀಡುವುದು.

3. ಎಳೆಎಳೆಯಾಗಿ ಬೆಳೆಯುವ ಪಾಚಿಯನ್ನು ಬಿದಿರುಗಳದಿಂದ ಎಳೆದು, ಬದುವಿನ ಮೇಲೆ ಬಿಡದೆ ದೂರದ ಗೊಬ್ಬರಗುಂಡಿಗೆ ಹಾಕುವುದು.

4. ಸಾಕಣೆಯಲ್ಲಿ ಹುಲ್ಲುಗೆಂಡೆ ಹಾಗೂ ಬೆಳ್ಳಿಗೆಂಡೆಗಳನ್ನು ಸೇರಿಸುವ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯ ಸಲಹೆ ಪಡೆಯುವುದು.

5. ಬಣ್ಣ ಬಳಿದಂತೆ ನೀಲಿಹಸಿರು ಕೆನೆ ಕಟ್ಟಿದ ನೀರನ್ನು ದನಕರುಗಳಿಗೆ ಕುಡಿಸದಿರುವುದು. ಈ ಪಾಚಿಯ ಕೆಲವು ಬಗೆಗಳು ವಿಷಕಾರಿ.

ಸದಸ್ಯರ ಪಾತ್ರವು ಹೊಂಡ ತೋಡುವ ಮೊದಲೇ ಆರಂಭವಾಗುತ್ತದೆ. ಸ್ಥಳ ಪರಿಶೀಲನೆಯ ದಿನ ಹೊಂಡದ ಉದ್ದಗಲಗಳನ್ನಷ್ಟೇ ನೋಡದೆ, ಕೊಟ್ಟಿಗೆ ಮತ್ತು ಬಚ್ಚಲಿನ ನೀರು ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನೂ ನೋಡಬೇಕು. ಇಳಿಜಾರು ಹೊಂಡದ ಕಡೆಗಿದ್ದರೆ ಜಾಗವನ್ನು ಬದಲಿಸುವಂತೆ, ಇಲ್ಲವೇ ತಿರುವುಗಾಲುವೆಯನ್ನು ಮೊದಲು ತೋಡುವಂತೆ ಫಲಾನುಭವಿಗೆ ತಿಳಿಹೇಳಬೇಕು. ಈಗಾಗಲೇ ಹೊಂಡವಿರುವ ಮನೆಗಳಲ್ಲಿ ಈ ಕೆಲಸ ಮಳೆಗಾಲಕ್ಕೆ ಮುನ್ನ ಮುಗಿಯುವುದು ಒಳಿತು.