‘ಮರ್ತ್‌ಬಿಟ್ಟೆ’ ಅನ್ನೋದಕ್ಕೆ ಜಪಾನೀಸಲ್ಲಿ ಏನಂತಾರೆ?

ದಾವಣಗೆರೆಯಿಂದ ಮಾತಾಡ್ತಾ ಇದೀನಿ. ಹಿಂದೆ ಕೇಳ್ತಿರೋ ಹಾರ್ನ್ ಪಿ.ಬಿ. ರೋಡಿಂದು, ಅಡ್ಜಸ್ಟ್ ಮಾಡ್ಕೊಳ್ಳಿ.

ನಾನು ಬಿ.ಕಾಂ. ಓದಿದವನು. ಜಪಾನೀಸ್ ಶುರು ಮಾಡಿದ್ದು ಕೆಲಸ ಸಿಗಬಹುದು ಅನ್ನೋ ಆಸೆಗೆ. ಪರೀಕ್ಷೆಯಲ್ಲಿ 5 ಹಂತ. ಎಲ್ಲಕ್ಕಿಂತ ಸುಲಭದ್ದು ಎನ್5, ಆಮೇಲೆ ಎನ್4. ಆ ಎನ್4ಗೆ ಓದುವಾಗ ಒಂದು ಕ್ರಿಯಾಪದ ತಲೆ ತಿಂದಿತ್ತು: ‘ಶಿಮೌ’. ಒಂಟಿಯಾಗಿದ್ರೆ ಎತ್ತಿಡು, ಮುಗಿಸು ಅಂತ ಅರ್ಥ. ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿದ್ರೆ ಕಥೆನೇ ಬೇರೆ. ಇಂಗ್ಲಿಷ್ ಪುಸ್ತಕದ ಪ್ರಕಾರ ‘ಪೂರ್ತಿ ಮುಗಿಯಿತು’, ಇಲ್ಲವೇ ‘ಪಶ್ಚಾತ್ತಾಪ’. ಎರಡಕ್ಕೂ ಏನ್ ಸಂಬಂಧ ಗುರೂ?

ಒಂದಿನ ಹರಿಹರದ ಬಸ್ಸಲ್ಲಿ, ಸುಮಾರು 14 ಕಿಲೋಮೀಟರ್ ಅಷ್ಟೇ, ‘ವಸುರೆತೆ ಶಿಮತ್ತ’ ಅಂತ ಗೊಣಗ್ತಾ ಕೂತಿದ್ದೆ. ‘ವಸುರೆತೆ’ ಅಂದ್ರೆ ಮರೆತು. ಪಕ್ಕದ ಅಜ್ಜಿ ಫೋನಲ್ಲಿ, “ಅಯ್ಯೋ, ಚೀಲ ಮನ್ಯಾಗೇ ಮರ್ತ್‌ಬಿಟ್ಟೆ ನೋಡವ್ವ!” ಅಂದ್ರು.

ಮರೆತು, ಬಿಟ್ಟೆ. ವಸುರೆತೆ, ಶಿಮತ್ತ. ಪದಗಳ ಕ್ರಮವೂ ಅದೇ! ‘ಯೊಂದೆ ಶಿಮತ್ತ’ ಅಂದ್ರೆ ಓದಿಬಿಟ್ಟೆ, ಮುಗೀತು. ‘ತಬೆತೆ ಶಿಮತ್ತ’ ಅಂದ್ರೆ ತಿಂದುಬಿಟ್ಟೆ. ತಿಂದಿದ್ದು ತಂಗಿಗೆ ಅಂತ ಇಟ್ಟಿದ್ದ ಬೆಣ್ಣೆದೋಸೆ ಆಗಿದ್ರೆ ಅದರಲ್ಲೇ ಪಶ್ಚಾತ್ತಾಪವೂ ಬಂತು. ಆಡುಮಾತಲ್ಲಿ ಅವರೂ ನಮ್ಮಂಗೇ ಅಕ್ಷರ ನುಂಗ್ತಾರೆ: ‘ವಸುರೆಚತ್ತ’. ಥೇಟ್ ‘ಮರ್ತ್‌ಬಿಟ್ಟೆ’. ಸುಮ್ನೆ ‘ಶಿಮತ್ತ!’ ಅಂದ್ರೆ ‘ಅಯ್ಯೋ, ಕೆಟ್ಟೆ!’

ಆದ್ರೆ ಪೂರ್ತಿ ನಂಬಬೇಡಿ. ಎನ್4 ಪಾಸಾದ ಖುಷಿಗೆ ಆನ್‌ಲೈನ್ ಟೀಚರಿಗೆ ‘ಪಾಸಾಗಿಬಿಟ್ಟೆ’ ಅಂತ ಶಿಮೌ ಹಾಕಿ ಬರೆದೆ. “ಯಾಕೆ, ಪಾಸಾಗೋದು ಬೇಡವಾಗಿತ್ತಾ?” ಅಂತ ಉತ್ತರ ಬಂತು. ನಮ್ಮ ‘ಬಿಟ್ಟೆ’ ಹೆಮ್ಮೆಯನ್ನೂ ಹೊರುತ್ತೆ. ಅವರದ್ದು ಹೆಚ್ಚಾಗಿ ‘ಬೇಡದ್ದು ಆಗೋಯ್ತು’ ಅನ್ನೋ ಕಡೆಗೇ ವಾಲುತ್ತೆ.

ನಮ್ಮಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸ್ತಿದ್ರು. ನಾನು ಚಿಕ್ಕವನಿದ್ದಾಗ ಅದು ನಿಂತುಹೋಯಿತು. ಅದರ ಬಗ್ಗೆ ಅವರು ಹೇಳೋದು ಒಂದೇ ಮಾತು: “ಮುಚ್ಚಿಬಿಡ್ತು.” ಬೇಜಾರಾಯ್ತು ಅಂತ ಇವತ್ತಿನವರೆಗೂ ಅಂದಿಲ್ಲ. ನಾನೂ ಕೇಳಿಲ್ಲ. ಮೊನ್ನೆ ಊಟಕ್ಕೆ ಕೂತಾಗ, ಕಂಪನಿ ಮುಳುಗಿದ್ರೆ ಜಪಾನಿನವರು ‘ತ್ಸುಬುರೆತೆ ಶಿಮತ್ತ’ ಅಂತಾರೆ ಅಂದೆ.

“ಕೊನೇಲಿ ಬಂದಿದ್ದು ನಮ್ ‘ಬಿಡ್ತು’ ಏನೋ?”

“ಹ್ಞೂಂ ಅಪ್ಪ.”

ಅನ್ನ ಕಲಸ್ತಾ ಎರಡು ಸಲ ‘ಶಿಮತ್ತ, ಶಿಮತ್ತ’ ಅಂತ ಹೇಳಿ ನೋಡಿದ್ರು.

ಅಂದಹಾಗೆ ಈ ‘ಹೇಳಿ ನೋಡು’ ಕೂಡ ಜಪಾನೀಸಲ್ಲಿ ಹಂಗೇ ಇದೆ: ‘ಇತ್ತೆ ಮಿರು’. ಅದು ಮುಂದಿನ ಎಪಿಸೋಡಲ್ಲಿ. ಬರ್ತೀನಿ.