ದಂತವೈದ್ಯರು ಮತ್ತು ನಗೆ ಅನಿಲ

ನೈಟ್ರಸ್ ಆಕ್ಸೈಡ್ ಬಣ್ಣವಿಲ್ಲದ, ನಸುಸಿಹಿ ವಾಸನೆಯ ಅನಿಲ. ಜನರ ಬಾಯಲ್ಲಿ ಇದು ನಗೆ ಅನಿಲ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಸೇದಿ ತಮ್ಮದೇ ಹಲ್ಲೊಂದನ್ನು ಕೀಳಿಸಿಕೊಂಡರು, ನೋವು ತಿಳಿಯಲಿಲ್ಲ. ಆದರೆ ಮುಂದೆ ಕ್ಲೋರೋಫಾರ್ಮನ್ನು ತಮ್ಮ ಮೇಲೆಯೇ ಪ್ರಯೋಗಿಸುತ್ತ ಮತಿ ಕದಡಿಕೊಂಡ ವೆಲ್ಸ್, 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡರು.

ಆಮ್ಲಜನಕದೊಡನೆ ಬೆರೆಸಿ ಸ್ವಲ್ಪ ಹೊತ್ತು ಕೊಟ್ಟರೆ ಈ ಅನಿಲ ಸಾಮಾನ್ಯವಾಗಿ ರೋಗಿಗೆ ತೊಂದರೆ ಮಾಡದು. ರೋಗಿಗಳೆಲ್ಲ ಹೋದ ಮೇಲೆ ಬಾಗಿಲು ಹಾಕಿಕೊಂಡು, ಅದೇ ಕುರ್ಚಿಯಲ್ಲಿ ಮಲಗಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳುವ ವೈದ್ಯರ ಸಂಗತಿ ಬೇರೆ. ಬಿ-12 ಜೀವಸತ್ವದ ನಡುವೆ ಕೋಬಾಲ್ಟ್ ಪರಮಾಣುವಿದೆ. ನೈಟ್ರಸ್ ಆಕ್ಸೈಡ್ ಅದನ್ನು ಉತ್ಕರ್ಷಿಸುತ್ತದೆ. ಜೀವಸತ್ವ ಮೈಯಲ್ಲಿ ಇದ್ದೂ ಕೆಲಸಕ್ಕೆ ಬಾರದಂತಾಗುತ್ತದೆ. ಆಗ ವಿದ್ಯುತ್ ತಂತಿಯ ರಬ್ಬರ್ ಹೊದಿಕೆ ಸುಲಿದಂತೆ ನರಗಳ ಮೇಲಿನ ಮಯಲಿನ್ ಪದರ ಸವೆಯತೊಡಗುತ್ತದೆ.

ಮೊದಲು ಪಾದ, ಬೆರಳುಗಳು ಜುಮುಗುಟ್ಟುತ್ತವೆ. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಮಿಂಚು ಹರಿದಂತಾಗುತ್ತದೆ. ಬರಬರುತ್ತ ನಡಿಗೆ ತಪ್ಪುತ್ತದೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಕೈಬೆರಳ ನಾಜೂಕನ್ನೇ ನಂಬಿದ ವೃತ್ತಿಯವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ನರತಜ್ಞ ರಾಬರ್ಟ್ ಲೇಜರ್ 1978ರಲ್ಲಿ ಇಂಥ 15 ರೋಗಿಗಳನ್ನು ವರ್ಣಿಸಿದರು. ಅವರಲ್ಲಿ 14 ಮಂದಿ ದಂತವೈದ್ಯರು. 13 ಮಂದಿ ತಾವಾಗಿ ಅನಿಲ ಸೇದುತ್ತಿದ್ದವರು. ಉಳಿದಿಬ್ಬರು ಗಾಳಿಯಾಡದ ಕೋಣೆಯಲ್ಲಿ ಕೆಲಸ ಮಾಡಿದವರಷ್ಟೆ.

ರಕ್ತದಲ್ಲಿ ಬಿ-12 ಪ್ರಮಾಣ ಸರಿಯಿದ್ದಂತೆ ಕಂಡು ವೈದ್ಯರೂ ಮೋಸಹೋಗುವುದುಂಟು. ಹೋಮೋಸಿಸ್ಟೀನ್, ಮೀಥೈಲ್‌ಮೆಲೋನಿಕ್ ಆಮ್ಲಗಳ ಪರೀಕ್ಷೆಯೇ ನಿಜ ಹೇಳಬೇಕು. ಬರೀ ಸಸ್ಯಾಹಾರದಿಂದ ಬಿ-12 ಮೊದಲೇ ಕಡಿಮೆಯಿದ್ದವರಲ್ಲಿ, ನಮ್ಮಲ್ಲಿ ಇಂಥವರು ಬಹಳ, ಹಾನಿ ಬೇಗ ಕಾಣಿಸಿಕೊಳ್ಳಬಹುದು. ಅನಿಲ ಬಿಡುವುದು, ಬಿ-12 ಚುಚ್ಚುಮದ್ದು, ಇವೇ ಚಿಕಿತ್ಸೆ. ತಡವಾದರೆ ಪೂರ್ತಿ ಗುಣವಾಗುವ ಭರವಸೆಯಿಲ್ಲ. ಚಟಕ್ಕೂ ಬೇರೆಯಾಗಿ ಚಿಕಿತ್ಸೆ ಬೇಕು. ಅದನ್ನು ನಾಚಿಕೆಯ ವಿಷಯವೆಂದು ಮುಚ್ಚಿಟ್ಟಷ್ಟೂ ನರಗಳು ಸವೆಯುತ್ತಲೇ ಇರುತ್ತವೆ.

ಒಂಟಿಯಾಗಿ ಸೇದುವಾಗ ಆಮ್ಲಜನಕ ಸಾಲದೆ ಉಸಿರುಗಟ್ಟಿ ಸಾಯುವ ಅಪಾಯವೂ ಇದೆ. ಇನ್ನು ಸಹಾಯಕಿಯರ ಮಾತು. ಸೋರಿದ ಅನಿಲ ಹೊರಹೋಗುವ ವ್ಯವಸ್ಥೆಯಿಲ್ಲದ ಕೋಣೆಗಳಲ್ಲಿ ವಾರಕ್ಕೆ ಐದು ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸ ಮಾಡುವವರಲ್ಲಿ ಗರ್ಭಧಾರಣೆ ತಡವಾಗುವುದನ್ನು 1992ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಉಸಿರಾಗಿ ಹೊರಬಂದ ಅನಿಲವನ್ನು ಹೀರಿ ಹೊರಗೆ ಸಾಗಿಸುವ ಜೋಡಿ ಮಾಸ್ಕ್, ಕೊಳವೆಗಳ ತಪಾಸಣೆ, ಸಿಲಿಂಡರಿನ ಬಳಕೆಗೆ ಲೆಕ್ಕಪುಸ್ತಕ, ಇವು ಚಿಕಿತ್ಸಾಲಯದಲ್ಲಿ ಇರಲೇಬೇಕು. ರೋಗಿಗಳ ಸಂಖ್ಯೆಗೆ ತಾಳೆಯಾಗದೆ ಸಿಲಿಂಡರ್ ಖಾಲಿಯಾಗುತ್ತಿದ್ದರೆ ಅದು ಲೆಕ್ಕದಲ್ಲೇ ಮೊದಲು ಸಿಕ್ಕಿಬೀಳುತ್ತದೆ.