ಎಮಿರೇಟ್ಸ್‌ನ ವ್ಯಾಪಾರ ಮತ್ತು ನಮ್ಮ ಮನೆಯ ಲೆಕ್ಕ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಅರ್ಥಶಾಸ್ತ್ರಜ್ಞನಲ್ಲ. ಬಿ.ಕಾಂ. ಮುಗಿಸಿ 1993ರಲ್ಲಿ ದುಬೈಗೆ ಹೋದೆ. ದೇರಾದ ಒಂದು ಕ್ಲಿಯರಿಂಗ್ ಕಚೇರಿಯಲ್ಲಿ 21 ವರ್ಷ ದುಡಿದು ಊರಿಗೆ ಮರಳಿದೆ. ಹಡಗಿನಲ್ಲಿ ಬಂದ ಸರಕನ್ನು ಬಂದರಿನಿಂದ ಬಿಡಿಸಿಕೊಳ್ಳಲು ಬೇಕಾದ ಕಾಗದಪತ್ರ ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ವಿದ್ಯಾರ್ಥಿಗಳಿಗೆ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘದವರು ಕೇಳಿದರು. ಉದ್ಯೋಗದ ಮಾತು ಆಮೇಲೆ ಆಡೋಣ, ಮೊದಲು ನಮ್ಮ ಮನೆಗಳಿಗೆ ಅನ್ನ ಕೊಡುತ್ತಿರುವ ಆ ದೇಶ ಹೇಗೆ ಬದುಕುತ್ತದೆ ಎಂಬುದನ್ನು ನೋಡೋಣ ಎಂದೆ. ಅವರು ಒಪ್ಪಿದರು.

ಇದಕ್ಕೆ ಒಂದು ಕಾರಣವಿದೆ. ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗ ನಮ್ಮ ಮನೆಗೆ ಬಂದು ಕೇಳಿದ: “ಚಾಚಾ, ಪೆಟ್ರೋಲ್ ಮುಗಿದರೆ ದುಬೈ ಮುಗಿಯುತ್ತದೆ ಅಲ್ಲವೇ? ಹಾಗಾದರೆ ನಾನು ವೀಸಾಕ್ಕೆ ಹಣ ಹಾಕುವುದು ಸರಿಯೇ?” ಅವನ ತಂದೆ ಅಲ್ಲೇ ಇದ್ದಾರೆ, ಅಣ್ಣನೂ ಅಲ್ಲೇ ಇದ್ದಾನೆ. ಮೂವತ್ತು ವರ್ಷದಿಂದ ಆ ಮನೆಯ ಒಲೆ ಉರಿಯುವುದು ಅಲ್ಲಿಯ ದಿರ್ಹಮ್‌ನಿಂದ. ಆದರೂ ಆ ದೇಶದ ಗಳಿಕೆ ಎಲ್ಲಿಂದ ಬರುತ್ತದೆ ಎಂದು ಆ ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. ತಪ್ಪು ಅವರದಲ್ಲ. ನಾನೂ ಹೋಗಿ ಆರೇಳು ವರ್ಷ ವಿಚಾರಿಸಿರಲಿಲ್ಲ.

ಮೊದಲು ಗಾತ್ರ ತಿಳಿಯೋಣ. ಏಳು ಎಮಿರೇಟ್‌ಗಳು ಸೇರಿದ ಆ ದೇಶದ ವಿಸ್ತೀರ್ಣ ಸುಮಾರು 83,600 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಅದರಲ್ಲಿ ಅಲ್ಲಿಯ ಪ್ರಜೆಗಳು ಹತ್ತರಲ್ಲಿ ಒಬ್ಬರು. ಉಳಿದವರೆಲ್ಲ ನಮ್ಮಂತೆ ಹೋದವರು. ಇಷ್ಟು ಚಿಕ್ಕ ದೇಶದ ಒಟ್ಟು ಉತ್ಪನ್ನ 2023ರಲ್ಲಿ ಸುಮಾರು 50,000 ಕೋಟಿ ಡಾಲರ್. ಇನ್ನೂ ವಿಚಿತ್ರವೆಂದರೆ ಆ ದೇಶದ ಆಮದು ರಫ್ತುಗಳನ್ನು ಕೂಡಿಸಿದರೆ ಅದು ಒಟ್ಟು ಉತ್ಪನ್ನಕ್ಕಿಂತ ದೊಡ್ಡ ಮೊತ್ತವಾಗುತ್ತದೆ. ತಾನು ಬೆಳೆದದ್ದಕ್ಕಿಂತ ಹೆಚ್ಚು ಸರಕು ತನ್ನ ಬಾಗಿಲಲ್ಲಿ ಹಾದುಹೋಗುವ ಮನೆ ಅದು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಎಮಿರೇಟ್ಸ್‌ನ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇರುವುದು ಅಬುಧಾಬಿಯಲ್ಲಿ. ದುಬೈಯ ಪಾಲು ಅಲ್ಪ. ಅಬುಧಾಬಿಯಲ್ಲಿ ಎಣ್ಣೆ ಸಿಕ್ಕಿದ್ದು 1958ರಲ್ಲಿ, ದುಬೈಯಲ್ಲಿ 1966ರಲ್ಲಿ. ಆದರೆ ದುಬೈಯ ಖೋರ್, ಅಂದರೆ ನಮ್ಮ ಶರಾವತಿ ಅಳಿವೆಯಂತಹ ಆ ಹಿನ್ನೀರಿನ ಕಾಲುವೆ, ಹೂಳು ತೆಗೆದು ಆಳ ಮಾಡಲ್ಪಟ್ಟದ್ದು 1950ರ ದಶಕದ ಕೊನೆಯಲ್ಲಿ. ಅದಕ್ಕೆ ಬೇಕಾದ ಹಣದಲ್ಲಿ ಕುವೈತ್‌ನಿಂದ ತಂದ ಸಾಲವೂ ಇತ್ತು. ಗಮನಿಸಿ: ಎಣ್ಣೆ ಸಿಗುವ ಮೊದಲೇ ಅವರು ಸಾಲ ಮಾಡಿ ಹೂಳು ತೆಗೆಸಿದರು.

ಏಕೆ ಹೀಗೆ ಮಾಡಿದರು? ಅದಕ್ಕೆ ಮೊದಲು ಅವರು ಒಂದು ದೊಡ್ಡ ಪೆಟ್ಟು ತಿಂದಿದ್ದರು. ಆ ಕರಾವಳಿ ಬದುಕಿದ್ದು ಮುತ್ತಿನಿಂದ. ಬೇಸಿಗೆಯಲ್ಲಿ ಮುಳುಗುಗಾರರು ಸಮುದ್ರಕ್ಕೆ ಇಳಿಯುತ್ತಿದ್ದರು. ಮುತ್ತು ಮುಂಬಯಿಗೆ ಬರುತ್ತಿತ್ತು, ಅಲ್ಲಿಂದ ಯುರೋಪಿಗೆ ಹೋಗುತ್ತಿತ್ತು. ಜಪಾನಿನವರು ಚಿಪ್ಪಿನಲ್ಲಿ ಮುತ್ತನ್ನು ಸಾಕಿ ಬೆಳೆಸುವುದನ್ನು ಕಲಿತು ಮಾರುಕಟ್ಟೆಗೆ ತಂದರು. ಅದರ ಹಿಂದೆಯೇ 1929ರ ಜಾಗತಿಕ ಕುಸಿತ ಬಂತು. ಕೆಲವೇ ವರ್ಷಗಳಲ್ಲಿ ಮುತ್ತಿನ ವ್ಯಾಪಾರ ನೆಲ ಕಚ್ಚಿತು. ಒಂದೇ ಸರಕನ್ನು ನಂಬಿದ್ದ ಊರುಗಳು ಹಸಿವನ್ನು ಕಂಡವು. ದುಬೈ ಉಳಿದುಕೊಂಡದ್ದು ಅದಕ್ಕೆ ಇನ್ನೊಂದು ಕಸುಬು ಗೊತ್ತಿದ್ದುದರಿಂದ. 20ನೇ ಶತಮಾನದ ಆರಂಭದಲ್ಲಿ ಇರಾನಿನ ಲಿಂಗೆ ಬಂದರಿನಲ್ಲಿ ಸುಂಕ ಹೆಚ್ಚಾದಾಗ ದುಬೈಯ ಆಡಳಿತಗಾರರು ಸುಂಕ ಬೇಡವೆಂದು ಹೇಳಿ ಅಲ್ಲಿಯ ವರ್ತಕರನ್ನು ಕರೆಸಿಕೊಂಡಿದ್ದರು. ಬೇರೆಯವರ ಸರಕನ್ನು ತರಿಸಿ, ಇಳಿಸಿ, ಬಿಡಿಸಿ, ಮತ್ತೊಬ್ಬರಿಗೆ ಸಾಗಿಸುವ ಕಸುಬು ಅಲ್ಲಿ ಆಗಲೇ ಬೇರು ಬಿಟ್ಟಿತ್ತು.

ಇದಕ್ಕೆ ಮರುರಫ್ತು ಎನ್ನುತ್ತಾರೆ. ನಾನು ದಿನವೂ ಕಂಡ ಉದಾಹರಣೆ ಹೇಳುತ್ತೇನೆ. ಚೀನಾದಿಂದ ಟೈರು ತುಂಬಿದ ಕಂಟೇನರ್ ಜೆಬೆಲ್ ಅಲಿಗೆ ಬರುತ್ತದೆ. ಪೂರ್ವ ಆಫ್ರಿಕದ ಒಬ್ಬ ಚಿಕ್ಕ ವ್ಯಾಪಾರಿಗೆ ಇಡೀ ಕಂಟೇನರ್ ಕೊಳ್ಳುವ ಶಕ್ತಿಯಿಲ್ಲ. ಅವನಿಗೆ ಬೇಕಾದದ್ದು ನಲವತ್ತು ಟೈರು, ಹತ್ತು ಫ್ರಿಜ್ಜು, ಇಪ್ಪತ್ತು ಮೂಟೆ ಅಕ್ಕಿ. ದುಬೈಯ ವರ್ತಕ ಇವೆಲ್ಲವನ್ನು ಒಂದೆಡೆ ಕೂಡಿಸಿ ಖೋರಿನ ದಂಡೆಯಲ್ಲಿ ಮರದ ಹಡಗಿಗೆ ಏರಿಸುತ್ತಾನೆ. ಟೈರು ಅವನು ಮಾಡಿದ್ದಲ್ಲ, ಅಕ್ಕಿ ಅವನು ಬೆಳೆದದ್ದಲ್ಲ. ಅವನು ಮಾರುವುದು ಸಮಯವನ್ನು, ನಂಬಿಕೆಯನ್ನು ಮತ್ತು ಸರಿಯಾದ ಕಾಗದವನ್ನು. ಜೆಬೆಲ್ ಅಲಿ ಬಂದರು 1979ರಲ್ಲಿ ಆರಂಭವಾಯಿತು, 1985ರಲ್ಲಿ ಅದರ ಪಕ್ಕದಲ್ಲಿ ಮುಕ್ತ ವ್ಯಾಪಾರ ವಲಯ ಬಂತು. ಮರಳುಗಾಡಿನಲ್ಲಿ ಇಷ್ಟು ದೊಡ್ಡ ಬಂದರು ಯಾರಿಗೆ ಎಂದು ಆಗ ನಕ್ಕವರಿದ್ದರು.

ಹಾಗಾಗಿ “ಎಣ್ಣೆ ಮುಗಿದರೆ” ಎಂಬ ಪ್ರಶ್ನೆಗೆ ಉತ್ತರ ಇದು: 2024ರ ಲೆಕ್ಕದಲ್ಲಿ ಎಮಿರೇಟ್ಸ್‌ನ ಉತ್ಪನ್ನದ ಸುಮಾರು ಮುಕ್ಕಾಲು ಭಾಗ ಎಣ್ಣೆಯ ಹೊರಗಿನದು. ವ್ಯಾಪಾರ, ಸಾಗಣೆ, ಬ್ಯಾಂಕು, ಕಟ್ಟಡ, ಪ್ರವಾಸ, ಕಾರ್ಖಾನೆ. ಆದರೆ ಇದನ್ನು ಕೇಳಿ ನಿಶ್ಚಿಂತರಾಗಬೇಡಿ. ಕಟ್ಟಡಕ್ಕೂ ಬ್ಯಾಂಕಿಗೂ ಹಣ ಹರಿಯುವುದು ಬಹುಮಟ್ಟಿಗೆ ಎಣ್ಣೆಯ ಉಳಿತಾಯದಿಂದಲೇ. 2009ರಲ್ಲೂ 2020ರಲ್ಲೂ ಆ ದೇಶದ ಆರ್ಥಿಕತೆ ಶೇಕಡಾ 5ರ ಆಸುಪಾಸು ಕುಗ್ಗಿತು. 2009ರ ನವೆಂಬರ್‌ನಲ್ಲಿ ದುಬೈಯ ಸರಕಾರಿ ಕಂಪೆನಿ ದುಬೈ ವರ್ಲ್ಡ್ ಸಾಲ ತೀರಿಸಲು ಕಾಲಾವಕಾಶ ಕೇಳಿತು, ಅಬುಧಾಬಿ 1,000 ಕೋಟಿ ಡಾಲರ್ ನೆರವು ಕೊಟ್ಟು ಎತ್ತಿ ನಿಲ್ಲಿಸಿತು. ಆ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟು ಮಂದಿ ಸೂಟ್‌ಕೇಸು ಹಿಡಿದು ಮರಳಿದರು ಎಂಬುದು ಇಲ್ಲಿ ಕೂತ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ನಮ್ಮ ಊರಿನ ಕಡೆ ತಿರುಗೋಣ. ಸುಮಾರು 1342ರಲ್ಲಿ ಮೊರೊಕ್ಕೊದ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದರು. ಅವರ ಬರಹದಲ್ಲಿ ನಮ್ಮ ಊರಿನ ಹೆಸರು ಹಿನೌರ್. ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ ಎಂದು ಅವರು ದಾಖಲಿಸಿದ್ದಾರೆ. ಈ ಮಾತನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಅದೇ ಜಾಗದಲ್ಲಿ ಅವರು ಹೇಳಿದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತೇವೆ. ಈ ಊರಿನವರು ಸಮುದ್ರ ವ್ಯಾಪಾರದಿಂದ ಬದುಕುತ್ತಾರೆ, ಅವರಿಗೆ ಸಾಗುವಳಿಯ ಭೂಮಿಯಿಲ್ಲ ಎನ್ನುತ್ತಾರೆ ಅವರು. ಇಂದಿನ ದುಬೈ ಕೂಡ ಹಾಗೆಯೇ ಅಲ್ಲವೇ? ಆ 36 ಶಾಲೆಗಳು ನಿಂತದ್ದು ಅಳಿವೆಯಲ್ಲಿ ಹಾದುಹೋದ ಸರಕಿನ ಮೇಲೆ.

ಮುಂದೆ ಭಟ್ಕಳದ ಬಂದರಿನಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಮುಜ್‌ಗೆ ಹೋಗುತ್ತಿದ್ದವು, ಅಲ್ಲಿಂದ ವಿಜಯನಗರದ ಸೈನ್ಯಕ್ಕೆ ಕುದುರೆ ಬರುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆಮೇಲೆ ಏನಾಯಿತು? ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದು ಕುದುರೆ ವ್ಯಾಪಾರವನ್ನು ಅಲ್ಲಿಗೆ ಎಳೆದರು, ತಮ್ಮ ರಹದಾರಿ ಚೀಟಿ ಇಲ್ಲದ ಹಡಗನ್ನು ಹಿಡಿದರು, 1542ರಲ್ಲಿ ಭಟ್ಕಳವನ್ನು ಸುಟ್ಟರು. 1565ರಲ್ಲಿ ವಿಜಯನಗರವೇ ಬಿತ್ತು, ಕುದುರೆ ಕೊಳ್ಳುವವರು ಇಲ್ಲವಾದರು.

ಕುಮಟೆಯದು ಇನ್ನೂ ಹತ್ತಿರದ ಕಥೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಧಾರವಾಡದ ಹತ್ತಿಗೆ ಭಾರೀ ಬೆಲೆ ಬಂತು. ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿದ ಆ ಹತ್ತಿಗೆ ಪೇಟೆಯಲ್ಲಿ “ಕುಮಟಾ” ಎಂದೇ ಹೆಸರು. ಬೆಳೆದದ್ದು ಧಾರವಾಡ, ಹೆಸರು ಕುಮಟೆಗೆ! ಬಂದರಿನ ಭಾಗ್ಯ ಹೀಗಿರುತ್ತದೆ. 1880ರ ದಶಕದಲ್ಲಿ ರೈಲು ಹಳಿ ಗೋವೆಯ ಮರ್ಮಗೋವೆಗೆ ಹೋಯಿತು, ಹತ್ತಿ ಅದರ ಹಿಂದೆ ಹೋಯಿತು. ನಮ್ಮ ಕರಾವಳಿಗೆ ರೈಲು ಬಂದದ್ದು ಮತ್ತೆ ನೂರು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ. ಸರಕಿಗೆ ಊರಿನ ಮೇಲೆ ಮಮಕಾರವಿಲ್ಲ.

ನಮ್ಮವರು ಸರಕು ಹೋದಲ್ಲಿಗೆ ಹೋದರು. ಮುಂಬಯಿ, ಮದ್ರಾಸು, ಕೊಲಂಬೊ, ಆಮೇಲೆ ಗಲ್ಫ್. ಹಿಂದೆ ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಪ್ರತ್ಯೇಕ ನೋಟು ಹೊರಡಿಸಿತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ. ಈಗ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ನಾನು ಹೋದ ವರ್ಷ ಒಂದು ದಿರ್ಹಮ್‌ಗೆ ಎಂಟೂವರೆ ರೂಪಾಯಿ ಸಿಗುತ್ತಿತ್ತು, 2024ರಲ್ಲಿ ಇಪ್ಪತ್ತೆರಡು ದಾಟಿತ್ತು. ರೂಪಾಯಿ ಬಿದ್ದ ದಿನ ಎಕ್ಸ್‌ಚೇಂಜ್ ಅಂಗಡಿಯ ಮುಂದೆ ನಮ್ಮವರ ಸಾಲು ಉದ್ದವಾಗುತ್ತದೆ, ಸಂಬಳ ಹೆಚ್ಚಿದಂತೆ ಖುಷಿ. ಸಂಬಳ ಹೆಚ್ಚಿಲ್ಲ ಮಕ್ಕಳೇ. ಅದೇ ರೂಪಾಯಿ ಬಿದ್ದುದರಿಂದ ಊರಿನಲ್ಲಿ ಪೆಟ್ರೋಲ್, ಅಡುಗೆ ಎಣ್ಣೆ, ಬಂಗಾರ ಎಲ್ಲವೂ ತುಟ್ಟಿಯಾಗುತ್ತದೆ. ಈ ಲೆಕ್ಕವನ್ನು ಮನೆಯಲ್ಲಿ ಒಮ್ಮೆ ಕೂತು ಮಾಡಿ.

ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ 2016-17ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಹಣದಲ್ಲಿ ಎಮಿರೇಟ್ಸ್‌ನ ಪಾಲು ಶೇಕಡಾ 26.9, ಅದೇ ಮೊದಲ ಸ್ಥಾನ. 2023-24ರಲ್ಲಿ ಅದು 19.2ಕ್ಕೆ ಇಳಿಯಿತು, ಅಮೆರಿಕ 27.7ರೊಂದಿಗೆ ಮುಂದೆ ಹೋಯಿತು. ಗಲ್ಫ್ ಕೆಟ್ಟಿತು ಎಂದು ಇದರ ಅರ್ಥವಲ್ಲ. ಹೆಚ್ಚು ಓದಿದವರು ಹೆಚ್ಚು ಕಳುಹಿಸುತ್ತಿದ್ದಾರೆ ಎಂದು ಅರ್ಥ. ಜೊತೆಗೆ 2022ರಿಂದ ಎಮಿರೇಟ್ಸ್‌ನಲ್ಲಿ 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು ಕುಶಲ ಹುದ್ದೆಗಳಲ್ಲಿ ತಮ್ಮ ದೇಶದವರನ್ನು ವರ್ಷಕ್ಕೆ ಶೇಕಡಾ 2ರಂತೆ ಹೆಚ್ಚಿಸಬೇಕು ಎಂಬ ನಿಯಮ ಬಂತು. ಅದು ಅವರ ಹಕ್ಕು, ದೂರುವಂತಿಲ್ಲ. ಆದರೆ ನಾನು ಹೋದ ಕಾಲದಲ್ಲಿ ಸ್ವಲ್ಪ ಇಂಗ್ಲಿಷು, ಸ್ವಲ್ಪ ಟೈಪಿಂಗು ಇದ್ದವನಿಗೆ ಸಿಗುತ್ತಿದ್ದ ಕುರ್ಚಿ ಈಗ ಸುಲಭವಾಗಿ ಸಿಗುವುದಿಲ್ಲ.

ಮುತ್ತಿನ ಮಾತು ನೆನಪಿದೆಯೇ? ನಮ್ಮ ಮನೆಗಳು ರಫ್ತು ಮಾಡುವ ಸರಕೂ ಒಂದೇ: ಇಪ್ಪತ್ತರಿಂದ ಐವತ್ತು ವಯಸ್ಸಿನ ಗಂಡಸರು. ಆ ಹಣದಲ್ಲಿ ಮನೆಯೆದ್ದಿತು, ಮದುವೆಯಾಯಿತು, ಶಾಲೆಯೂ ಆಯಿತು. ನಾನು ಅದನ್ನು ಹೀಗಳೆಯಲಾರೆ, ನನ್ನ ತಂಗಿಯರ ಮದುವೆಯೂ ಅದರಿಂದಲೇ ಆಯಿತು. ಆದರೆ 21 ವರ್ಷದ ಕೊನೆಗೆ ನನ್ನ ಕೈಗೆ ಬಂದದ್ದು ಗ್ರಾಚ್ಯುಯಿಟಿ ಮಾತ್ರ, ಪಿಂಚಣಿಯಲ್ಲ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ಸಂಬಳ. ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಹೋಗುವವರು ಒಪ್ಪಂದಕ್ಕೆ ಸಹಿ ಹಾಕುವಾಗ ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಮೂಲ ಸಂಬಳ ಎಷ್ಟೆಂದು ನೋಡಿ.

ಹಾಗಾದರೆ ಇನ್ನೊಂದು ಕಸುಬು ಯಾವುದು? 2022ರ ಮೇ 1ರಿಂದ ಭಾರತ ಮತ್ತು ಎಮಿರೇಟ್ಸ್ ನಡುವೆ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ ಜಾರಿಯಲ್ಲಿದೆ. ಮೊದಲು ನಮ್ಮ ಸಿದ್ಧ ಉಡುಪು ಅಲ್ಲಿ ಇಳಿಯುವಾಗ ಶೇಕಡಾ 5 ಸುಂಕ ಕೊಡಬೇಕಿತ್ತು, ಈಗ ಇಲ್ಲ. ಎರಡು ದೇಶಗಳ ನಡುವಿನ ಸರಕಿನ ವ್ಯಾಪಾರ 2024-25ರಲ್ಲಿ 10,000 ಕೋಟಿ ಡಾಲರ್ ಮುಟ್ಟಿತು. ಇದರಲ್ಲಿ ನಾವು ಮಾರಿದ್ದು ಸುಮಾರು 3,660 ಕೋಟಿ, ಕೊಂಡದ್ದು ಸುಮಾರು 6,340 ಕೋಟಿ. ಕಚ್ಚಾ ಎಣ್ಣೆ ಮತ್ತು ಬಂಗಾರ ಕೊಂಡವರು ನಾವು. ಒಪ್ಪಂದದಿಂದ ಲಾಭವಾಯಿತು ಎಂದು ಪತ್ರಿಕೆಯಲ್ಲಿ ಬಂದಾಗ ಈ ಎರಡನೆಯ ಅಂಕಿಯನ್ನೂ ಹುಡುಕಿ ಓದಿ.

ಸುಂಕ ಸೊನ್ನೆಯಾಗಲು ಒಂದು ಷರತ್ತಿದೆ. ಸರಕು ನಿಜವಾಗಿ ಭಾರತದ್ದೇ ಎಂಬ ಪ್ರಮಾಣಪತ್ರ ಬೇಕು. ಬೇರೆ ದೇಶದ ಕಚ್ಚಾ ವಸ್ತು ತಂದು ಮಾಡಿದ್ದರೆ ಸಾಮಾನ್ಯವಾಗಿ ಬೆಲೆಯ ಶೇಕಡಾ 40 ಇಲ್ಲೇ ಸೇರಿರಬೇಕು. ಈ ಪ್ರಮಾಣಪತ್ರ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ಒಮ್ಮೆ ನಾನು ತೂಕದ ಒಂದು ಅಂಕಿ ತಪ್ಪಾಗಿ ಬರೆದು ಒಂದು ಕಂಟೇನರ್ ಒಂಬತ್ತು ದಿನ ಬಂದರಿನಲ್ಲೇ ಉಳಿಯಿತು. ಬಂದರಿನ ದಂಡ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಾಯಿತು. ಅಂದಿನಿಂದ ಪ್ರತಿ ಕಾಗದವನ್ನು ಗಟ್ಟಿಯಾಗಿ ಓದುವ ಅಭ್ಯಾಸ ಬಂತು. ಈಗಲೂ ಹಾಲಿನ ಬಿಲ್ಲನ್ನು ಗಟ್ಟಿಯಾಗಿ ಓದುತ್ತೇನೆ, ಮೊಮ್ಮಕ್ಕಳು ನಗುತ್ತಾರೆ.

ಈ ಕೆಲಸ ದುಬೈಯಲ್ಲೇ ಕೂತು ಮಾಡಬೇಕಾದದ್ದಲ್ಲ. ಘಟ್ಟದ ಮೆಣಸು, ಅಡಿಕೆ, ನಮ್ಮ ಗೇರುಬೀಜ, ಮೀನು ಎಲ್ಲವೂ ಬೇರೆ ಊರಿನ ವರ್ತಕರ ಹೆಸರಿನಲ್ಲಿ ಹೋಗುತ್ತವೆ. ರಫ್ತು ಮಾಡಲು ಬೇಕಾದ ಐ.ಇ.ಸಿ. ಸಂಖ್ಯೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಕೊಳ್ಳುವವರ ಪರಿಚಯ ನಮ್ಮ ಮನೆಯಲ್ಲೇ ಇದೆ, ಅಲ್ಲಿ ಅಂಗಡಿ ಇಟ್ಟ ಮಾವ, ಸೂಪರ್ ಮಾರ್ಕೆಟ್‌ನಲ್ಲಿ ಖರೀದಿ ನೋಡುವ ಭಾವ. ಇಲ್ಲದಿರುವುದು ಕಾಗದ ಬಲ್ಲವರು. ಇದಕ್ಕೆ ಹೆಣ್ಣುಮಕ್ಕಳು ಬಹಳ ತಕ್ಕವರು ಎಂಬುದು ನನ್ನ ಅಭಿಪ್ರಾಯ. ಸಂಘದ ಪರೀಕ್ಷಾ ಫಲಿತಾಂಶದಲ್ಲಿ ಲೆಕ್ಕಶಾಸ್ತ್ರದ ಮೊದಲ ಅಂಕಗಳು ಯಾರದೆಂದು ನೋಡಿದರೆ ನಿಮಗೂ ತಿಳಿಯುತ್ತದೆ.

ಆ ಹುಡುಗನಿಗೆ ನಾನು ಹೋಗಬೇಡ ಎನ್ನಲಿಲ್ಲ. ವೀಸಾಕ್ಕೆ ಕೂಡಿಸಿದ ಹಣವನ್ನು ಆರು ತಿಂಗಳು ಹಾಗೇ ಇಡು, ವಾರಕ್ಕೆರಡು ಸಂಜೆ ನನ್ನಲ್ಲಿಗೆ ಬಾ ಎಂದೆ. ನನ್ನ ಹಳೆಯ ಫೈಲುಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಕೂರುತ್ತೇವೆ. ಈಗ ಅವನ ಜೊತೆ ಇನ್ನೂ ಮೂವರು ಬರುತ್ತಿದ್ದಾರೆ. ಮನೆಯ ಜಗಲಿ ಸಾಲುತ್ತಿಲ್ಲ, ಆದ್ದರಿಂದ ಸಂಘದ ಗ್ರಂಥಾಲಯದ ಕೋಣೆಯನ್ನು ಆ ಎರಡು ಸಂಜೆ ಬಿಟ್ಟುಕೊಡಬೇಕೆಂದು ಅಧ್ಯಕ್ಷರನ್ನು ಈ ಸಭೆಯ ಎದುರೇ ಕೇಳುತ್ತಿದ್ದೇನೆ.